ಜಯನಗರಕ್ಕೆ, ಬನಶಂಕರಿಗೆ: ಆ್ಯಪ್‌ಗಳ ಕನ್ನಡದಲ್ಲಿ ಚತುರ್ಥಿ ವಿಭಕ್ತಿಯ ಪ್ರಶ್ನೆ

ಆ್ಯಪ್‌ಗಳ ಕನ್ನಡದ ಬಗ್ಗೆ ಈವರೆಗಿನ ವಿಮರ್ಶೆ ಬಹುಮಟ್ಟಿಗೆ ಪದಗಳ ಆಯ್ಕೆಯ ಸುತ್ತಲೇ ನಡೆದಿದೆ. ‘ರದ್ದುಗೊಳಿಸಿ’ ಎನ್ನಬೇಕೇ, ‘ಕ್ಯಾನ್ಸಲ್ ಮಾಡಿ’ ಎನ್ನಬೇಕೇ ಎಂಬುದು ಅದರ ಮಾದರಿ ಪ್ರಶ್ನೆ. ಈ ಚರ್ಚೆ ಅಗತ್ಯವಾದುದೇ. ಆದರೆ ಓದುಗರು ಎಡವುವುದು ಪದದಲ್ಲಿ ಮಾತ್ರವಲ್ಲ, ನಾಮಪದಕ್ಕೆ ಪ್ರತ್ಯಯ ಹತ್ತುವ ಜಾಗದಲ್ಲಿಯೂ ಹೌದು ಎಂಬುದು ನಮ್ಮ ವಾದ.

ದಕ್ಷಿಣ ಬೆಂಗಳೂರಿನ ನಾಲ್ಕು ಹೆಸರುಗಳನ್ನು ಗಮನಿಸೋಣ. 2017ರಲ್ಲಿ ಮೆಟ್ರೊ ಹಸಿರು ಮಾರ್ಗವು ಜಯನಗರ, ಬನಶಂಕರಿ, ಜೆ.ಪಿ. ನಗರಗಳನ್ನು ತಲುಪಿತು, 2025ರಲ್ಲಿ ಹಳದಿ ಮಾರ್ಗವು ಬಿ.ಟಿ.ಎಂ. ಲೇಔಟನ್ನು ಸೇರಿಸಿತು. ಪ್ರಯಾಣದ ಆ್ಯಪ್‌ಗಳಲ್ಲಿ ಇವು ನಿತ್ಯ ಕಾಣುವ ಹೆಸರುಗಳು. ಚತುರ್ಥಿಯಲ್ಲಿ ಇವು ಮೂರು ಬಗೆಯಾಗುತ್ತವೆ: ಅಕಾರಾಂತ ನಪುಂಸಕಗಳಾದ ಕಾರಣ ‘ಜಯನಗರಕ್ಕೆ’, ‘ಜೆ.ಪಿ. ನಗರಕ್ಕೆ’; ಇಕಾರಾಂತವಾದ ಕಾರಣ ‘ಬನಶಂಕರಿಗೆ’; ವ್ಯಂಜನಾಂತ ಎರವಲು ಪದವಾದ ಕಾರಣ ‘ಲೇಔಟಿಗೆ’ ಅಥವಾ ‘ಲೇಔಟ್‌ಗೆ’.

ಆ್ಯಪ್‌ನ ವಾಕ್ಯಗಳು ಸಾಮಾನ್ಯವಾಗಿ ಖಾಲಿ ಜಾಗವುಳ್ಳ ಅಚ್ಚುಗಳು. ಇಂಗ್ಲಿಷಿನ ‘ಟು’ ಹೆಸರಿನ ಹಿಂದೆ ಬೇರೆಯಾಗಿ ನಿಲ್ಲುವುದರಿಂದ ಖಾಲಿ ಜಾಗದಲ್ಲಿ ಯಾವ ಹೆಸರು ಬಂದರೂ ಅಚ್ಚು ಕೆಡುವುದಿಲ್ಲ. ಅದೇ ಅಚ್ಚನ್ನು ಕನ್ನಡಕ್ಕೆ ತಂದು ಖಾಲಿ ಜಾಗದ ಮುಂದೆ ‘ಗೆ’ ಅಂಟಿಸಿದರೆ ‘ಬನಶಂಕರಿಗೆ’ ಸರಿಯಾಗುತ್ತದೆ, ‘ಜಯನಗರಗೆ’ ತಪ್ಪಾಗುತ್ತದೆ. ಅನುವಾದಕರ ಮುಂದೆ ಇರುವುದು ಖಾಲಿ ಜಾಗ ಮಾತ್ರ. ಅಲ್ಲಿ ಬರಲಿರುವ ಹೆಸರು ಅವರಿಗೆ ಕಾಣುವುದಿಲ್ಲ. ಆದುದರಿಂದ ಇದನ್ನು ಅನುವಾದಕರ ಅಜ್ಞಾನವೆನ್ನುವುದು ನ್ಯಾಯವಲ್ಲ. ದೋಷವಿರುವುದು ಅಚ್ಚಿನಲ್ಲಿ.

ಕೊನೆಯ ಅಕ್ಷರ ನೋಡಿ ಪ್ರತ್ಯಯ ಆರಿಸುವ ನಿಯಮವನ್ನು ಯಂತ್ರಕ್ಕೆ ಕಲಿಸಬಹುದಲ್ಲವೇ ಎಂಬ ಆಕ್ಷೇಪ ಸಹಜ. ಸ್ವಲ್ಪ ದೂರ ಅದು ಸಾಗುತ್ತದೆ. ಆದರೆ ‘ಶಂಕರಪುರ’ ‘ಶಂಕರಪುರಕ್ಕೆ’ ಆದರೆ ‘ಶಂಕರ’ ಎಂಬ ವ್ಯಕ್ತಿ ‘ಶಂಕರನಿಗೆ’ ಆಗುತ್ತಾನೆ. ಅಕ್ಷರವೊಂದೇ ಸಾಲದು, ಲಿಂಗವೂ ತಿಳಿದಿರಬೇಕು. ಇದಲ್ಲದೆ ಇಂಗ್ಲಿಷ್ ಕಾಗುಣಿತದಿಂದ ಹೆಸರನ್ನು ಲಿಪ್ಯಂತರಿಸಿದರೆ ‘ಜಯನಗರ್’ ಎಂದಾಗಿ, ಅಕಾರಾಂತ ಪದವೇ ವ್ಯಂಜನಾಂತವಾಗಿಬಿಡುತ್ತದೆ. ಆಗ ನಿಯಮ ಸರಿಯಾಗಿದ್ದೂ ಫಲ ತಪ್ಪಾಗುತ್ತದೆ.

ಪರಿಹಾರ ಭಾಷೆಯ ಬಳಕೆಯಲ್ಲಿಯೇ ಇದೆ. ವ್ಯಕ್ತಿನಾಮಗಳ ವಿಷಯದಲ್ಲಿ ‘ಸುರೇಶ್ ಅವರಿಗೆ’, ‘ಗಿರಿಜಾ ಅವರಿಗೆ’ ಎಂದು ಗೌರವಸೂಚಕ ಸರ್ವನಾಮದ ಮೇಲೆ ವಿಭಕ್ತಿಯನ್ನು ಹೊರಿಸುತ್ತೇವೆ. ಹೆಸರು ಬದಲಾಗದೆ ಉಳಿಯುತ್ತದೆ. ಸ್ಥಳನಾಮಗಳಿಗೂ ಇಂಥ ಆಶ್ರಯಪದ ಸಾಧ್ಯ: ‘ಜಯನಗರ ನಿಲ್ದಾಣಕ್ಕೆ’, ‘ಬನಶಂಕರಿ ನಿಲ್ದಾಣಕ್ಕೆ’, ‘ಬಿ.ಟಿ.ಎಂ. ಲೇಔಟ್ ನಿಲ್ದಾಣಕ್ಕೆ’. ಎರಡನೆಯ ದಾರಿ ಇನ್ನೂ ಸರಳ. ಬಿಎಂಟಿಸಿ ಬಸ್ಸಿನಲ್ಲಿ ಪ್ರಯಾಣಿಕರು ‘ಎರಡು ಜಯನಗರ ಕೊಡಿ’ ಎನ್ನುತ್ತಾರೆ. ನಿರ್ವಾಹಕರು ‘ಯಾರ್ರೀ ಬನಶಂಕರಿ?’ ಎಂದು ಕೂಗುತ್ತಾರೆ. ಟಿಕೆಟಿನ ವ್ಯವಹಾರದಲ್ಲಿ ವಿಭಕ್ತಿಯಿಲ್ಲದ ನಾಮಪದ ಕನ್ನಡಿಗರಿಗೆ ಸಹಜವಾದ ರಚನೆ. ಹಾಗಿರುವಾಗ ಅದೇ ವ್ಯವಹಾರ ನಡೆಸುವ ಆ್ಯಪ್ ‘ಇಳಿಯುವ ಸ್ಥಳ: ಜಯನಗರ’ ಎಂದರೆ ಕೊರತೆಯೇನೂ ಇಲ್ಲ.

ಈ ಮಾರ್ಗಗಳಿಗೂ ಮಿತಿಯಿದೆ. ನಿಲ್ದಾಣವಲ್ಲದ ಮನೆಬಾಗಿಲಿಗೆ ಆಟೊ ಕರೆಯುವಾಗ ‘ನಿಲ್ದಾಣಕ್ಕೆ’ ಹೊಂದದು. ಎಲ್ಲವನ್ನೂ ಶೀರ್ಷಿಕೆ ಮತ್ತು ವಿವರಗಳಾಗಿ ಒಡೆದರೆ ಪರದೆ ಅರ್ಜಿ ನಮೂನೆಯಂತೆ ಕಾಣುತ್ತದೆ. ಯಾವ ಸಂದರ್ಭಕ್ಕೆ ಯಾವ ರಚನೆ ಎಂಬ ನಿರ್ಣಯ ವ್ಯಾಕರಣ ಬಲ್ಲವರದಾಗಬೇಕು, ಅದೂ ಇಂಗ್ಲಿಷ್ ಅಚ್ಚು ಗಟ್ಟಿಯಾಗುವ ಮುನ್ನ.

‘ಜಯನಗರಗೆ’ ಎಂಬುದು ಅರ್ಥವಾಗದ ರೂಪವಲ್ಲ. ಆದರೆ ಇದು ನಮಗಾಗಿ ಬರೆದುದಲ್ಲ ಎಂದು ಅದು ಓದುಗರಿಗೆ ತಿಳಿಸುತ್ತದೆ. ಹಾಗೆ ತಿಳಿದವರು ಇಂಗ್ಲಿಷಿಗೆ ಹೊರಳಿದರೆ ಕನ್ನಡಕ್ಕೆ ಬೇಡಿಕೆಯಿಲ್ಲವೆಂಬ ತೀರ್ಮಾನಕ್ಕೆ ಅದೇ ಪುರಾವೆಯಾಗಿಬಿಡುತ್ತದೆ. ವಿಭಕ್ತಿಯ ವಿವರಣೆ ನಮ್ಮ ಶಾಸ್ತ್ರಕ್ಕೆ ಶಬ್ದಮಣಿದರ್ಪಣದ ಕಾಲದಿಂದಲೂ ಪರಿಚಿತ. ಅದನ್ನು ಪರದೆಯ ಮೇಲಿನ ವಾಕ್ಯಕ್ಕೆ ಅನ್ವಯಿಸುವ ಕೆಲಸವೂ ಭಾಷಾವಿಜ್ಞಾನಿಗಳದೇ ಎಂದು ನಾವು ಭಾವಿಸುತ್ತೇವೆ.