ಬೆಂಡು ಓದುವ ಬಗೆ: ಗಾಳದ ಹೊಸ ರಸಿಕರಿಗೊಂದು ಕೈಪಿಡಿ

ಅರಕಲಗೂಡು ತಾಲ್ಲೂಕಿನ ಉತ್ತರಕ್ಕೆ ಹೇಮಾವತಿ, ದಕ್ಷಿಣಕ್ಕೆ ಕಾವೇರಿ. ನಡುವೆ ಮಲ್ಲಿಪಟ್ಟಣ, ದೊಡ್ಡಮಗ್ಗೆ ಹೋಬಳಿಗಳ ಕೆರೆಕಟ್ಟೆಗಳು. 1979ರಲ್ಲಿ ಗೊರೂರಿನ ಅಣೆಕಟ್ಟು ಮುಗಿದ ಮೇಲೆ 37 ಟಿಎಂಸಿ ಅಡಿ ನೀರು ನಿಲ್ಲುವ ಜಲಾಶಯವೂ ಇವುಗಳ ಜೊತೆ ಸೇರಿತು. ಇಂಥ ಸೀಮೆಯಲ್ಲಿ ಗಾಳ ಹಾಕಲು ಒಂದು ಬಿದಿರು ಕಡ್ಡಿ, ನೈಲಾನ್ ದಾರ, ಸೀಸದ ಗುಂಡು, ಮುಳ್ಳು, ಬೆಂಡು ಇದ್ದರೆ ಸಾಕು. ಏರಿಯ ಮೇಲೆ ಹಾದುಹೋಗುವವರಿಗೆ ಗಾಳಗಾರ ಸುಮ್ಮನೆ ಕೂತಂತೆ ಕಾಣುತ್ತಾನೆ. ಅವನಿಗೋ ನೀರಿನಡಿಯ ಸುದ್ದಿ ಬೆಂಡಿನ ಮೂಲಕ ಒಂದೇ ಸಮನೆ ಬರುತ್ತಿರುತ್ತದೆ. ಈ ಆಟದ ಸೊಗಸೆಲ್ಲ ಆ ಸುದ್ದಿಯನ್ನು ಓದುವುದರಲ್ಲಿದೆ.

ಕನ್ನಡ ನಾಡಿನಲ್ಲಿ ಇದು ಹಳೆಯ ಹವ್ಯಾಸ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳ ಸಾಲಿನಲ್ಲಿ ‘ಮತ್ಸ್ಯವಿನೋದ’ಕ್ಕೂ ಜಾಗವಿದೆ. ಮೀನುಗಳ ಜಾತಿ, ಅವಕ್ಕೆ ಹಾಕಬೇಕಾದ ಮೇವು, ಗಾಳದ ಸಲಕರಣೆ ಎಲ್ಲವನ್ನೂ ಅಲ್ಲಿ ವಿವರಿಸಲಾಗಿದೆ. ನಮ್ಮ ಕಾಲದಲ್ಲಿ ಹೇಮಾವತಿ ಹುಟ್ಟುವ ಮೂಡಿಗೆರೆ ಸೀಮೆಯ ಪೂರ್ಣಚಂದ್ರ ತೇಜಸ್ವಿಯವರ ಗಾಳದ ಗೀಳು ಓದುಗರಿಗೆಲ್ಲ ಗೊತ್ತು.

ಹೊಸಬರ ಮೊದಲ ಪಾಠಕ್ಕೆ ಗಾಳವೇ ಬೇಡ. ರಾಮನಾಥಪುರದ ವಹ್ನಿಪುಷ್ಕರಿಣಿಗೆ ಹೋಗಿ ಒಂದು ಪೊಟ್ಟಣ ಪುರಿ ಕೊಂಡು ಕಾವೇರಿಯ ಮೆಟ್ಟಿಲ ಮೇಲೆ ನಿಂತರಾಯಿತು. ಇಲ್ಲಿ ಮೀನು ಹಿಡಿಯುವಂತಿಲ್ಲ. ದೇವರ ಮೀನುಗಳೆಂದು ಜನ ಕಾಪಾಡಿಕೊಂಡು ಬಂದಿದ್ದಾರೆ. ಪುರಿ ಎರಚಿದ ಕೂಡಲೇ ಮೀನುಗಳು ಮುಗಿಬೀಳುತ್ತವೆ. ಆಗ ಗದ್ದಲದ ಕಡೆಗಲ್ಲ, ಒಂದೊಂದು ಬಾಯಿಯ ಕಡೆಗೆ ಕಣ್ಣಿಡಬೇಕು. ಮರಿಗಳು ಕುಟುಕಿ ಕುಟುಕಿ ಓಡುತ್ತವೆ. ದೊಡ್ಡದು ನಿಧಾನವಾಗಿ ಮೇಲೆದ್ದು, ಬಾಯಿ ತೆರೆದು, ನೀರಿನ ಸಮೇತ ಒಳಗೆಳೆದುಕೊಂಡು ತಿರುಗುತ್ತದೆ. ಮುಂದೆ ಕೆರೆಯಲ್ಲಿ ಬೆಂಡು ತೋರಿಸುವುದು ಇದೇ ವ್ಯತ್ಯಾಸವನ್ನು.

ಬೆಂಡು ನವಿಲುಗರಿಯ ದಂಟಿನದಾಗಲಿ, ಜೋಳದ ದಂಟಿನ ತಿರುಳಾಗಲಿ, ಹರಿದ ಹವಾಯಿ ಚಪ್ಪಲಿಯ ತುಂಡಾಗಲಿ ನಡೆಯುತ್ತದೆ. ಅದಕ್ಕೆ ಕಟ್ಟುವ ಸೀಸ ಮಾತ್ರ ಅಳತೆಯಾಗಿರಬೇಕು. ಸೀಸ ಕಡಿಮೆಯಾದರೆ ಬೆಂಡು ನೀರಿನ ಮೇಲೆ ಅಡ್ಡ ಬೀಳುತ್ತದೆ, ಹೆಚ್ಚಾದರೆ ಮುಳುಗುತ್ತದೆ. ಒಂದೊಂದೇ ಗುಂಡು ಸೇರಿಸುತ್ತ, ತುದಿ ಒಂದು ಬೆರಳಗಲ ಮಾತ್ರ ಹೊರಗೆ ನಿಲ್ಲುವಂತೆ ಮಾಡಬೇಕು. ಆಗ ಮೀನಿಗೆ ಎಳೆತದ ಭಾರ ತಿಳಿಯುವುದಿಲ್ಲ, ಗಾಳಗಾರನಿಗೆ ಸಣ್ಣ ಮುಟ್ಟುವಿಕೆಯೂ ತಪ್ಪುವುದಿಲ್ಲ.

ಬೆಂಡನ್ನು ದಾರದಲ್ಲಿ ಮೇಲೆ ಕೆಳಗೆ ಸರಿಸುವುದೆಂದರೆ ಯಾವ ಮೀನಿನ ಮನೆ ಬಾಗಿಲು ತಟ್ಟಬೇಕೆಂದು ತೀರ್ಮಾನಿಸಿದಂತೆ. ಕಾಟ್ಲಾ ಮೇಲ್ನೀರಿನಲ್ಲಿ ಮೇಯುತ್ತದೆ, ರೋಹು ನಡುನೀರಿನಲ್ಲಿ, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದಲ್ಲಿ. ಕಾಟ್ಲಾ, ರೋಹು, ಮೃಗಾಲ್ ಮೂಲತಃ ಗಂಗಾ ಬಯಲಿನವು. ಇಲ್ಲಿನ ಕೆರೆಗಳಿಗೆ ಮರಿ ಬಿಟ್ಟು ಬೆಳೆಸಿದಂಥವು. ಜಿಲೇಬಿ (ತಿಲಾಪಿಯಾ) ಆಫ್ರಿಕಾದ ಮೀನು, ಭಾರತಕ್ಕೆ ಬಂದದ್ದು 1952ರಲ್ಲಿ.

ಇನ್ನು ಓದು. ಬೆಂಡು ನಿಂತಲ್ಲೇ ಪಟಪಟನೆ ನಡುಗಿದರೆ ಪಕ್ಕೆಯಂಥ ಸಣ್ಣ ಮೀನುಗಳು ಅಥವಾ ಜಿಲೇಬಿ ಮರಿಗಳು ಎರೆಯನ್ನು ಕೀಳುತ್ತಿವೆ ಎಂದು ಅರ್ಥ. ಆಗ ಎಳೆದರೆ ಬರೀ ಮುಳ್ಳು ಬರುತ್ತದೆ. ಬೆಂಡು ಮುಳುಗುವ ಬದಲು ಮೇಲೆದ್ದು ಅಡ್ಡಬಿದ್ದರೆ ಹೊಸಬರು ಗಲಿಬಿಲಿಗೊಳ್ಳುತ್ತಾರೆ. ತಳದಲ್ಲಿದ್ದ ಎರೆಯನ್ನು ಗೆಂಡೆ ಸೀಸದ ಸಮೇತ ಎತ್ತಿದೆ, ಅಷ್ಟೇ. ಮಣ್ಣು ಕೆದಕುವ ಗೆಂಡೆಯಿಂದ ಬೆಂಡಿನ ಸುತ್ತ ಸಣ್ಣ ಗುಳ್ಳೆಗಳೂ ಏಳುತ್ತವೆ. ಬೆಂಡು ಓರೆಯಾಗಿ ಜಾರುತ್ತ ಮುಳುಗಿದರೆ ಮೀನು ಎರೆ ಕಚ್ಚಿ ಹೊರಟಿದೆ. ಮಣಿಕಟ್ಟನ್ನು ತಿರುಗಿಸಿ ಕಡ್ಡಿ ಎತ್ತಲು ಅದೇ ಸಮಯ.

ಎರೆಗಾಗಿ ದೂರ ಹೋಗಬೇಕಿಲ್ಲ. ತಿಪ್ಪೆಯ ಅಂಚಿನ ತೇವದ ಮಣ್ಣಿನಲ್ಲಿ ಸಿಗುವ ಎರೆಹುಳ ಬಹುಪಾಲು ಮೀನುಗಳಿಗೆ ಇಷ್ಟ. ಅದರಲ್ಲೂ ನೀರು ಕೆಂಪಾಗಿ ಕಣ್ಣಿಗೆ ಕೆಲಸವಿಲ್ಲದಾಗ ವಾಸನೆಯೇ ಮೀನನ್ನು ಕರೆಯುತ್ತದೆ. ತಿಳಿನೀರಿನ ಗೆಂಡೆ, ರೋಹುಗಳಿಗೆ ಹಿಟ್ಟು ಒಳ್ಳೆಯದು. ರಾಗಿ ಹಿಟ್ಟನ್ನು ಮುದ್ದೆಗಿಂತ ಗಟ್ಟಿಯಾಗಿ ಬೇಯಿಸಿ, ಆರಿದ ಮೇಲೆ ಚೆನ್ನಾಗಿ ನಾದಬೇಕು. ಕಾವೇರಿ ದಡದ ಭೀಮೇಶ್ವರಿಯ ಕಡೆ ಮಹಶೀರ್ ಹಿಡಿಯುತ್ತಿದ್ದವರು ನೆಚ್ಚಿಕೊಂಡಿದ್ದೂ ರಾಗಿ ಉಂಡೆಯನ್ನೇ. ಗೋಧಿ ಹಿಟ್ಟಾದರೆ ಒಂದೆಳೆ ಹತ್ತಿ ಸೇರಿಸಿ ನಾದಿದರೆ ಮುಳ್ಳಿನಿಂದ ಬೇಗ ಕಳಚುವುದಿಲ್ಲ. ಕೂರುವ ಮೊದಲು ನೆನೆಸಿದ ಕಡಲೆಕಾಯಿ ಹಿಂಡಿಯನ್ನು ಒಂದೆರಡು ಹಿಡಿ ಅದೇ ಜಾಗಕ್ಕೆ ಎಸೆಯಬೇಕು. ಹೆಚ್ಚು ಎಸೆದರೆ ಮೀನಿನ ಹೊಟ್ಟೆ ತುಂಬಿ ಗಾಳದ ಕಡೆ ತಿರುಗಿ ನೋಡುವುದಿಲ್ಲ.

ಜಾಗ ಆರಿಸುವಾಗ ಅಂಚುಗಳನ್ನು ಹುಡುಕಬೇಕು: ಕೆರೆಗೆ ಹಳ್ಳ ಸೇರುವ ಬಾಯಿ, ಜೊಂಡಿನ ಬದಿ, ಆಳ ಶುರುವಾಗುವ ಇಳಿಜಾರು. ಗಾಳಿ ಒಂದೇ ದಿಕ್ಕಿಗೆ ಬೀಸುತ್ತಿದ್ದರೆ ತೇಲುವ ಆಹಾರವೆಲ್ಲ ಎದುರು ದಡಕ್ಕೆ ಸೇರುತ್ತದೆ, ಮೀನೂ ಅಲ್ಲೇ. ಗಾಳಿಗೆ ಮುಖ ಕೊಟ್ಟು ಕೂರುವುದು ಕಷ್ಟವಾದರೂ ಫಲ ಹೆಚ್ಚು. ಗೊರೂರಿನ ಹಿನ್ನೀರಿನಲ್ಲಿ ನೀರು ಇಳಿದಾಗ ದಡದ ಕೆಸರು ಮೇಲೆ ಗಟ್ಟಿಯಂತೆ ಕಂಡರೂ ಕಾಲು ಹೂತುಕೊಳ್ಳುತ್ತದೆ, ಒಬ್ಬರೇ ಇಳಿಯಬಾರದು.

ಹವೆಯ ಲೆಕ್ಕ ಋತುವಿಗೊಂದು. ಬೇಸಿಗೆಯಲ್ಲಿ ನಸುಕು ಮತ್ತು ಸಂಜೆ ವಾಸಿ. ಮಧ್ಯಾಹ್ನದ ಬಿಸಿನೀರಿನಲ್ಲಿ ಆಮ್ಲಜನಕ ಕಡಿಮೆ, ಮೀನು ಆಳಕ್ಕೆ ಸರಿಯುತ್ತದೆ. ಹಾಸನ ಸೀಮೆಯ ಡಿಸೆಂಬರ್ ಚಳಿಯಲ್ಲಿ ಇದು ತಿರುಗುಮುರುಗು: ಬಿಸಿಲೇರಿ ಅಂಚಿನ ನೀರು ಬೆಚ್ಚಗಾದ ಮೇಲೆಯೇ ಬೆಂಡು ಅಲುಗುತ್ತದೆ. ಮೋಡ ಕವಿದು ಗಾಳಿ ನಿಂತ ದಿನ ಕೆರೆಯ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಅದು ಹಸಿವಲ್ಲ, ಉಸಿರಿನ ಕಷ್ಟ. ಗಾಳ ಸುತ್ತಿಟ್ಟುಕೊಳ್ಳುವುದೇ ಸರಿ. ಮುಂಗಾರಿನ ಹೊಸ ನೀರಿಗೆ ಹೊಟ್ಟೆ ತುಂಬ ಮೊಟ್ಟೆ ಹೊತ್ತ ಮೀನುಗಳು ಹಳ್ಳ ಹತ್ತುತ್ತವೆ. ಸುಲಭವಾಗಿ ಸಿಗುವ ಕಾಲವೇ ಅವನ್ನು ಬಿಡಬೇಕಾದ ಕಾಲ.

ನದಿ, ಜಲಾಶಯಗಳಲ್ಲಿ ಗಾಳ ಹಾಕುವ ಮೊದಲು ಮೀನುಗಾರಿಕೆ ಇಲಾಖೆಯಲ್ಲಿ ಪರವಾನಗಿಯ ವಿಚಾರ ಕೇಳಬೇಕು. ಕೆರೆಗಳು ಸಾಮಾನ್ಯವಾಗಿ ಗುತ್ತಿಗೆಯಲ್ಲಿರುತ್ತವೆ, ಗುತ್ತಿಗೆದಾರರ ಒಪ್ಪಿಗೆ ಬೇಕು. ಕಾವೇರಿ ಕಣಿವೆಯಲ್ಲಷ್ಟೇ ಇರುವ ಗೂನುಬೆನ್ನಿನ ಮಹಶೀರ್ 2018ರಿಂದ ಅಳಿವಿನ ತೀವ್ರ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ಅಪ್ಪಿತಪ್ಪಿ ಮಹಶೀರ್ ಸಿಕ್ಕಿದರೆ ಕೈ ಒದ್ದೆ ಮಾಡಿಕೊಂಡು, ನೀರಿನಲ್ಲಿಟ್ಟೇ ಮುಳ್ಳು ಬಿಡಿಸಿ ಕಳಿಸಬೇಕು.

ಮೊದಲ ಸಲಕ್ಕೆ ಮಳೆ ತಗ್ಗಿ ಕೆರೆ ತುಂಬಿ ತಿಳಿಯಾಗುವ ಅಕ್ಟೋಬರ್ ಕೊನೆ, ನವೆಂಬರ್ ಹೇಳಿ ಮಾಡಿಸಿದ ಕಾಲ. ಊರಿನ ಹಳೆಯ ಗಾಳಗಾರರೊಬ್ಬರ ಪಕ್ಕ ಕೂತು, ಬೆಂಡು ಅಲುಗಿದಾಗಲೆಲ್ಲ ಯಾವ ಮೀನೆಂದು ಊಹಿಸಿ ಹೇಳಿ, ದಾರ ಮೇಲೆ ಬಂದಾಗ ತಾಳೆ ನೋಡಿದರೆ ಓದು ಬೇಗ ಕೈಗೂಡುತ್ತದೆ.