ಭರಣಿಯಲ್ಲಿ ಹಿಡಿದ ತುಕ್ಕು

ಭರಣಿ ಮಳೆ ಬಂದರೆ ಧರಣಿ ಬೆಳೆ ಎನ್ನುತ್ತಾರೆ ರೈತರು. ನನ್ನ ಇ-ಸೈಕಲ್ಲಿನ ಗೇರು ಕೇಬಲ್ಲಿನೊಳಗೆ ಬೆಳೆದದ್ದು ತುಕ್ಕು. ಅದು ಗೊತ್ತಾಗಿದ್ದು ಕೃತ್ತಿಕೆ ಹುಟ್ಟಿದ ಮೇಲೆ, ನಂದಿ ಬೆಟ್ಟದ ಎರಡನೇ ತಿರುವಿನಲ್ಲಿ.

ಕಾಲಿನ ಸೈಕಲ್ಲಿನ ದಿನಗಳಲ್ಲಿ ನಂದಿ ಎಂದರೆ ಬೆಳಗಿನ ನಾಲ್ಕೂವರೆಗೆ ಹೊರಡುವ ಕೆಲಸ. ಮೋಟರ್ ಬಂದ ಮೇಲೆ ಧೈರ್ಯ, ಸೋಮಾರಿತನ ಎರಡೂ ಜತೆಯಾಗಿ ಬಂದವು. ಊಟ ಮುಗಿಸಿ ಒಂದೂವರೆಗೆ ಯಲಹಂಕ ಬಿಟ್ಟೆ. ಉರಿಬಿಸಿಲು. ದೇವನಹಳ್ಳಿ ದಾಟುವಾಗ ದೂಳಿನ ಗಾಳಿ ಎದ್ದಿತು. ಬೆಟ್ಟದ ಬುಡಕ್ಕೆ ಬರುವಷ್ಟರಲ್ಲಿ 1,478 ಮೀಟರಿನ ನೆತ್ತಿ ಮೋಡದೊಳಗೆ ಮಾಯವಾಗಿತ್ತು. ಆಗಲೇ ಹಿಂತಿರುಗಬೇಕಿತ್ತು, ಬಿಡಿ.

ಏರು ಶುರುವಾದಾಗ ಒಂದನೇ ಗೇರಿಗೆ ಹಾಕಿದೆ, ಚೈನು ಸರಾಗವಾಗಿ ಹತ್ತಿತು. ತಿರುವಿನಲ್ಲಿ ರಸ್ತೆ ತುಸು ಸಪಾಟಾದಾಗ ಎರಡಕ್ಕೆ ಬಿಟ್ಟೆ. ಶಿಫ್ಟರ್ ಟಿಕ್ ಎಂದಿತು, ಚೈನು ಮಾತ್ರ ಕದಲಲಿಲ್ಲ. ಇನ್ನೊಂದು ಟಿಕ್. ಕಟಕಟ ಸದ್ದು. ಆಮೇಲೆ ಎರಡು ಹಲ್ಲುಚಕ್ರ ಒಟ್ಟಿಗೆ ದಾಟಿ ಧಡಕ್ಕನೆ ಬಿತ್ತು. ಪೆಡಲ್ ತಪ್ಪಿದ ಕಾಲಿಗೆ ಕೆರೆದ ಗಾಯ.

ಈ ಲಕ್ಷಣವನ್ನು ಗುರುತಿಟ್ಟುಕೊಳ್ಳಿ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಡಿರೇಲರ್‌ನಲ್ಲಿ ಚೈನನ್ನು ದೊಡ್ಡ ಚಕ್ರಕ್ಕೆ ಎಳೆಯುವುದು ನಿಮ್ಮ ಹೆಬ್ಬೆರಳು. ಚಿಕ್ಕದಕ್ಕೆ ಮರಳಿಸುವುದು ಒಂದು ಬಡಪಾಯಿ ಸ್ಪ್ರಿಂಗು. ಹತ್ತುತ್ತದೆ, ಇಳಿಯುವುದಿಲ್ಲ ಎಂದರೆ ಕೇಬಲ್ ತನ್ನ ಹೊರ ಕವಚದೊಳಗೆ ಸಿಕ್ಕಿಹಾಕಿಕೊಂಡಿದೆ ಎಂದೇ ಮೊದಲ ಅನುಮಾನ. ಮಳೆನೀರಿನಲ್ಲಿ ಕಲಸಿದ ದೂಳು ಅಲ್ಲಿ ಕೆಸರಾಗಿ ಕೂತು, ಮಾರನೆಯ ಬಿಸಿಲಿಗೆ ಒಣಗಿ ಗಾರೆಯಾಗುತ್ತದೆ. ಬರೀ ಮಳೆಗಾಲಕ್ಕಿಂತ ಈ ಬಿಸಿಲು-ಮಳೆಯ ಆಟವೇ ಕೇಬಲ್ಲಿಗೆ ಕೆಟ್ಟದ್ದು ಎಂಬುದು ನನ್ನ ಅನುಭವ. ಇಳಿಯುತ್ತದೆ, ಹತ್ತಲು ಮೀನಮೇಷ ಎಣಿಸುತ್ತದೆ ಎಂದರೆ ಕಥೆ ಬೇರೆ: ಕೇಬಲ್ ಸಡಿಲವಾಗಿದೆ. ಡಿರೇಲರ್ ಹಿಂದಿನ ತಿರುಪನ್ನು ಅರ್ಧ ಸುತ್ತು ಅಪ್ರದಕ್ಷಿಣವಾಗಿ ತಿರುಗಿಸಿದರೆ ಸಾಕು. ಎರಡೂ ಕಡೆ ತಕರಾರೆಂದರೆ ಸೈಕಲ್ ಎಲ್ಲೋ ಬಲಮಗ್ಗುಲಿಗೆ ಬಿದ್ದು ಡಿರೇಲರ್ ತೂಗುವ ಹ್ಯಾಂಗರ್ ಬಾಗಿರಬಹುದು; ಅದಕ್ಕೆ ಕೈ ಹಾಕಬೇಡಿ, ಅಂಗಡಿಗೆ ಒಯ್ಯಿರಿ.

ಕಾಲಿನ ಸೈಕಲ್ಲಿನಲ್ಲಾದರೆ ಈ ದೂರು ವಾರದ ಮೊದಲೇ ಮೊಣಕಾಲಿಗೆ ತಲುಪುತ್ತಿತ್ತು. ನನ್ನದು ಹಿಂಚಕ್ರದ ಹಬ್‌ನಲ್ಲೇ ಮೋಟರ್ ಇರುವ ಗಾಡಿ. ನೋಂದಣಿ ಬೇಡವೆಂದರೆ 250 ವಾಟ್, ಗಂಟೆಗೆ 25 ಕಿಲೋಮೀಟರ್ ಒಳಗೇ ಇರಬೇಕು ಎನ್ನುತ್ತದೆ ಕಾನೂನು. ಆದರೆ ಅಷ್ಟೇ ಶಕ್ತಿ ಸಿಗ್ನಲ್ಲಿನಲ್ಲಿ ಏಳನೇ ಗೇರಿನಲ್ಲೇ ಗಾಡಿಯನ್ನು ಎತ್ತಿಬಿಡುತ್ತದೆ. ಹಾಗಾಗಿ ಊರೊಳಗೆ ತಿಂಗಳುಗಟ್ಟಲೆ ಗೇರು ಮುಟ್ಟಿರಲಿಲ್ಲ. ಪೆಡಲಿನ ಬಳಿಯೇ ಮೋಟರ್ ಇರುವ ಗಾಡಿಗಳ ಪಾಡು ಇನ್ನೊಂದು ಬಗೆ: ಅಲ್ಲಿ ಮೋಟರಿನ ಬಲವೂ ಚೈನಿನ ಮೇಲೇ ಹಾಯಬೇಕು. ಗೇರು ಬದಲಿಸುವ ಅರ್ಧ ಸುತ್ತಿನಷ್ಟು ಹೊತ್ತು ಕಾಲು ಹಗುರ ಮಾಡದಿದ್ದರೆ ಚೈನು, ಹಲ್ಲು ಎರಡೂ ಬೇಗ ಸವೆಯುತ್ತವೆ.

ಅಷ್ಟರಲ್ಲಿ ಗುಡುಗು. ಮಿಂಚು ಹೊಡೆಯುವಾಗ ಬೆಟ್ಟದ ಮೇಲೆ ಲೋಹದ ಕುದುರೆ ಏರಿ ನಿಲ್ಲುವ ಶೌರ್ಯ ನನಗಿಲ್ಲ, ಇಳಿದೆ. ಮೊದಲ ಹನಿಗಳು ಬಿದ್ದ ಹತ್ತು ನಿಮಿಷ ರಸ್ತೆ ಎಣ್ಣೆ ಸವರಿದ ಕಾವಲಿ. ಎರಡೂ ಬ್ರೇಕು ಮೆಲ್ಲಗೆ ಹಿಡಿದು ನಡಿಗೆಯ ವೇಗದಲ್ಲಿ ಬಂದೆ. ಬುಡದ ಚಹಾ ಅಂಗಡಿಯಾಕೆ ಬ್ಯಾಟರಿಯ ಕಡೆ ಕೈ ತೋರಿಸಿ, "ಕರೆಂಟು ಹೊಡೆಯಕಿಲ್ವಾ ಸಾರ್?" ಎಂದು ಕೇಳಿದರು. ಮಳೆಯಲ್ಲಿ ಓಡಿಸಬಹುದಮ್ಮ, ಪೈಪು ಹಿಡಿದು ತೊಳೆಯಬಾರದು ಅಷ್ಟೆ ಎಂದೆ. ಅವರಿಗೆ ನಂಬಿಕೆ ಬಂದಂತೆ ಕಾಣಲಿಲ್ಲ. ಮನೆಗೆ ಬಂದಮೇಲೆ ಬ್ಯಾಟರಿ ತೆಗೆದು, ಒರೆಸಿ, ತಣ್ಣಗಾಗಲು ಬಿಟ್ಟು ರಾತ್ರಿ ಚಾರ್ಜಿಗೆ ಹಾಕಿದೆ.

ಗೇರು ಕೇಬಲ್ಲು, ಕವಚ ಎರಡನ್ನೂ ಬದಲಿಸಿ ಆಯಿತು. ಹಳೆಯ ಕವಚವನ್ನು ಕಾಗದದ ಮೇಲೆ ಕೊಡವಿದಾಗ ಕುಂಕುಮದಂಥ ಪುಡಿ ಉದುರಿತು. ರೋಹಿಣಿ ಹುಟ್ಟಲು ಇನ್ನು ನಾಲ್ಕು ದಿನ. ಎರಡನೇ ತಿರುವಿನಿಂದ ಮೇಲಿನದು ಬಾಕಿಯಿದೆ. ಈ ಸಲ ಬೆಳಗಿನ ನಾಲ್ಕೂವರೆಗೇ.