ಕಾವ್ಯವೂ ದುಡಿಮೆಯ ವಿದ್ಯೆಯೂ

ಕುವೆಂಪುರವರ 'ನೇಗಿಲಯೋಗಿ' ಕನ್ನಡಿಗರ ನಾಲಗೆಯ ಮೇಲೆ ನಲಿಯುವ ಕವಿತೆ. ಉಳುವವನನ್ನು ಯೋಗಿಯೆಂದು ಕರೆದು, ಅವನ ದುಡಿಮೆಯನ್ನು ನಿಷ್ಕಾಮಕರ್ಮದ ಪದವಿಗೆ ಏರಿಸಿದ ಕೀರ್ತಿಯು ಅದಕ್ಕೆ ಸಲ್ಲತಕ್ಕದ್ದು. ಆದರೂ ಸಹೃದಯನಲ್ಲಿ ಒಂದು ಪ್ರಶ್ನೆ ಉಳಿಯುತ್ತದೆ. ಯೋಗಕ್ಕೆ ಗುರುವುಂಟು, ಈ ಯೋಗಿಗೆ ಗುರುವಾರು? ಕವಿತೆಯಲ್ಲಿ ಕಾಣುವವನು ಸಿದ್ಧನೇ ಹೊರತು ಸಾಧಕನಲ್ಲ. ಅವನ ಕೈಯನ್ನು ಹಿಡಿದು ತಿದ್ದಿದ ಹಿರಿಯನು ಅಲ್ಲಿಲ್ಲ.

ಈ ಕೊರತೆಯು ಅಲ್ಪವಾದುದಲ್ಲವೆಂಬುದಕ್ಕೆ ಬಂಗಾರಪೇಟೆಯಿಂದ ಬೆಂಗಳೂರಿನವರೆಗೆ ಹಬ್ಬಿರುವ ಬಂಡೆಗಳ ಸೀಮೆಯೇ ಸಾಕ್ಷಿ. ಬೆಂಗಳೂರಿನ ಸುತ್ತಿನ ಕಲ್ಲುಕುಟಿಗರು ಚಪ್ಪಡಿಯನ್ನು ಎಬ್ಬಿಸುತ್ತಿದ್ದ ಕ್ರಮವು 1895ರಲ್ಲಿಯೇ ಆಂಗ್ಲ ವಿಜ್ಞಾನಪತ್ರಿಕೆಯೊಂದರಲ್ಲಿ ವರ್ಣಿತವಾಯಿತು. ಬಂಡೆಯ ಮೇಲೆ ಸೌದೆಯ ಬೆಂಕಿಯನ್ನು ಸಾಲಾಗಿ ಹೂಡಿ, ಮೆಲ್ಲಮೆಲ್ಲನೆ ಮುಂದಕ್ಕೆ ಸರಿಸಿದರೆ, ಕಾದ ಪದರವು ಕೆಳಗಿನ ಕಲ್ಲನ್ನು ಬಿಟ್ಟು ಏಳುತ್ತದೆ. ಬಿರುಕು ಎಲ್ಲಿಯವರೆಗೆ ಸಾಗಿದೆಯೆಂಬುದು ಕಣ್ಣಿಗೆ ಕಾಣದು. ಸುತ್ತಿಗೆಯಿಂದ ತಟ್ಟಿ ಕಿವಿಯಿಂದ ಅರಿಯಬೇಕು. ಬಿಟ್ಟ ಕಲ್ಲಿನ ದನಿ ಬೇರೆ, ಬಿಡದ ಕಲ್ಲಿನ ದನಿ ಬೇರೆ. ಉರಿಬಿಸಿಲಿನಲ್ಲಿ, ಬೆಂಕಿಯ ಝಳದಲ್ಲಿ ನಿಂತ ಹೊಸಬನಿಗೆ ಇದನ್ನು ಪುಸ್ತಕವು ಕಲಿಸಲಾರದು. ಹಿರಿಯನು ತಟ್ಟಬೇಕು, ಕಿರಿಯನು ಕೇಳಬೇಕು; ಬಳಿಕ ಕಿರಿಯನು ತಟ್ಟಬೇಕು, ಹಿರಿಯನು ಕೇಳಬೇಕು. ವೇದಪಾಠದ ಸಂಥೆಗೂ ಇದಕ್ಕೂ ಭೇದವೇನು? ಎರಡೂ ಶ್ರುತಿಯೇ.

ಇಂತಹ ವಿದ್ಯೆಯು ಬರಹಕ್ಕೆ ಇಳಿಯದಿದ್ದರೆ ಶಿಷ್ಯನೊಡನೆಯೇ ಮುಗಿಯುತ್ತದೆ. ಕೋಲಾರದ ಚಿನ್ನದ ಗಣಿಗಳಲ್ಲಿ 1880ರ ದಶಕದಿಂದ ತಂದೆಯಿಂದ ಮಗನಿಗೆ ಇಳಿದುಬಂದ ಕಸುಬು, 2001ರಲ್ಲಿ ಗಣಿಗಳು ಮುಚ್ಚಿದೊಡನೆ ಅನಾಥವಾಯಿತು. ಇಂದು ಅಲ್ಲಿಯ ತರುಣರು ಬೆಳಗಿನ ರೈಲು ಹತ್ತಿ, ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಹೇಳಿಕೊಡಬಲ್ಲ ಮುದುಕರುಂಟು, ಕೇಳುವ ಕಿವಿಗಳಿಲ್ಲ.

ಭಾವಗೀತೆಯು ಕಸುಬಿನ ಕೈಪಿಡಿಯಲ್ಲವೆಂದು ಆಕ್ಷೇಪಿಸಬಹುದು. ನಿಜವೇ. ಆದರೆ ನಮಸ್ಕಾರವನ್ನು ದೂರದಿಂದಲೂ ಮಾಡಬಹುದು; ವಿದ್ಯೆಯನ್ನು ಕಾಣಬೇಕಾದರೆ ಸಮೀಪಕ್ಕೆ ಹೋಗಬೇಕು. ದುಡಿಯುವವನನ್ನು ಯೋಗಿಯೆಂದು ಹೊಗಳುವುದರಲ್ಲಿ ಒಂದು ಅಪಾಯವೂ ಇದೆ. ಫಲವನ್ನು ಬಯಸದವನ ಕೂಲಿಯೆಷ್ಟೆಂದು ಯಾರೂ ವಿಚಾರಿಸರು. ಅವನ ಶ್ವಾಸಕೋಶದಲ್ಲಿ ಕೂಡಿದ ಕಲ್ಲುಧೂಳಿನ ಲೆಕ್ಕವನ್ನೂ ಕೇಳರು. ಅವನನ್ನು ವಿದ್ವಾಂಸನೆಂದು ಒಪ್ಪಿದರೆ ಮಾತ್ರ ಸಂಭಾವನೆಯ ಪ್ರಶ್ನೆ ಏಳುತ್ತದೆ.

ಆದ್ದರಿಂದ ಕನ್ನಡ ಕಾವ್ಯವು ಶ್ರಮಿಕನ ಬೆವರನ್ನು ಕಂಡಂತೆ ಅವನ ಪಾಠವನ್ನೂ ಕಾಣಬೇಕಾಗಿದೆ. ಬಂಡೆಯ ಮೇಲೆ ಕುಳಿತು ಹಿರಿಯನೊಬ್ಬನು ಹುಡುಗನಿಗೆ 'ಇನ್ನೊಮ್ಮೆ ತಟ್ಟು' ಎನ್ನುವ ಕ್ಷಣದಲ್ಲಿ ರಸವಿಲ್ಲವೆಂದು ಯಾವ ಆಲಂಕಾರಿಕನೂ ಹೇಳಲಾರನು.